ಬೋಟು ಎಷ್ಟು ಸ್ಥಿರ? ಸ್ಟಾಪ್‌ವಾಚ್ ಹಿಡಿದು ಅಳೆಯುವ ಬಗೆ

ಅಲೆಗೆ ತೊಟ್ಟಿಲಿನಂತೆ ಮೆಲ್ಲಗೆ ತೂಗುವ ಬೋಟು ಹಾಯೆನಿಸುತ್ತದೆ. ವಾಲಿದ ಕೂಡಲೇ ಥಟ್ಟನೆ ನೆಟ್ಟಗಾಗುವ ಬೋಟಿನಲ್ಲಿ ಮೈಕೈ ನೋವು. ಆದರೆ ಮಗುಚುವ ಅಪಾಯ ಹೆಚ್ಚಿರುವುದು ಮೊದಲನೆಯದಕ್ಕೇ.

ಬೋಟು ವಾಲಿದಾಗ ನೀರು ಮೇಲಕ್ಕೆ ಒತ್ತುವ ಬಿಂದು ವಾಲಿದ ಬದಿಗೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಎಳೆದ ಗೆರೆ ಬೋಟಿನ ನಡುಗೆರೆಯನ್ನು ಕಡಿಯುವ ಜಾಗವೇ ಮೆಟಾಸೆಂಟರ್. ಬೋಟಿನ ಗುರುತ್ವ ಕೇಂದ್ರ ಅದಕ್ಕಿಂತ ಎಷ್ಟು ಕೆಳಗಿದೆಯೋ ಆ ಅಂತರಕ್ಕೆ ಜಿಎಂ ಎನ್ನುತ್ತಾರೆ. ಜಿಎಂ ಹೆಚ್ಚಿದ್ದರೆ ಬೋಟನ್ನು ನೆಟ್ಟಗೆ ಮಾಡುವ ಬಲವೂ ಹೆಚ್ಚು, ಹೊಯ್ದಾಟವೂ ಚುರುಕು. ಹಾಗಾಗಿ ಹೊಯ್ದಾಟದ ಸಮಯ ಗೊತ್ತಾದರೆ ಜಿಎಂ ಗೊತ್ತಾದಂತೆ. ಬೋಟಿನ ತೂಕ ತಿಳಿದಿರಬೇಕೆಂದೂ ಇಲ್ಲ.

ಜಿಎಂ = (ಗುಣಕ × ಅಗಲ ÷ ಅವಧಿ)²

ಅಗಲ ಮೀಟರ್‌ನಲ್ಲಿ; ಅವಧಿ ಎಂದರೆ ಒಂದು ಹೊಯ್ದಾಟದ ಸಮಯ, ಸೆಕೆಂಡ್‌ನಲ್ಲಿ; ಗುಣಕ ಬೋಟಿನ ಬಗೆಗೆ ತಕ್ಕ ಸಂಖ್ಯೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಸ್ಥಿರತಾ ನಿಯಮಾವಳಿ ಆಳಸಮುದ್ರದ ಮೀನುಗಾರಿಕಾ ಬೋಟುಗಳಿಗೆ ಸುಮಾರು 0.80, ಎರಡು ಬದಿಗೂ ಬೂಮ್ (ಬಲೆ ಎಳೆಯುವ ಉದ್ದದ ಕಂಬ) ಚಾಚುವ ಸಿಗಡಿ ಬೋಟುಗಳಿಗೆ 0.95 ಗುಣಕ ಕೊಡುತ್ತದೆ.

ಗಾಳಿ, ಅಲೆ ಇಲ್ಲದ ಹೊತ್ತು ಆರಿಸಿ. ಮಲ್ಪೆ, ಗಂಗೊಳ್ಳಿಯಂಥ ಅಳಿವೆ ಬಂದರುಗಳಲ್ಲಿ ಉಬ್ಬರ–ಇಳಿತದ ನಡುವೆ ನೀರು ನಿಂತ ವೇಳೆಯೇ ಬೇಕು. ಸೆಳೆತವಿದ್ದರೆ ಲೆಕ್ಕ ತಪ್ಪುತ್ತದೆ. ಹಗ್ಗಗಳನ್ನು ಪೂರ್ತಿ ಸಡಿಲಿಸಿ. ಬೋಟು ದಕ್ಕೆಗಾಗಲಿ, ಪಕ್ಕದ ಬೋಟಿಗಾಗಲಿ, ಕಟ್ಟಿದ ಟೈರಿಗಾಗಲಿ ತಾಗಬಾರದು. ತಳದ ಕೆಳಗೂ ಸಾಕಷ್ಟು ನೀರಿರಲಿ. ಡೀಸೆಲ್, ನೀರಿನ ಟ್ಯಾಂಕ್ ಒಂದೋ ತುಂಬಿರಬೇಕು, ಇಲ್ಲವೇ ಖಾಲಿ. ಇಂಜಿನ್ ಕೋಣೆಯ ತಳದ ನೀರನ್ನು ಪಂಪ್ ಮಾಡಿ ತೆಗೆಯಿರಿ. ತೂಗುಬಿದ್ದಿರುವ ಏನನ್ನೂ ಬಿಡಬೇಡಿ.

ನಾಲ್ಕೈದು ಮಂದಿ ಡೆಕ್ಕಿನ ಮೇಲೆ ಒಂದು ಬದಿಯಿಂದ ಇನ್ನೊಂದಕ್ಕೆ ತಾಳ ಹಿಡಿದು ಓಡಲಿ. ಪ್ರತಿ ಬದಿಗೆ 2ರಿಂದ 6 ಡಿಗ್ರಿ ವಾಲಿದರೆ ಸಾಕು. ನಂತರ ಎಲ್ಲರೂ ನಡುಗೆರೆಯ ಮೇಲೆ ಅಲುಗಾಡದೆ ನಿಲ್ಲಬೇಕು. ಬೋಟು ಒಂದು ಬದಿಯ ತುದಿ ಮುಟ್ಟಿದ ಕ್ಷಣ ಸ್ಟಾಪ್‌ವಾಚ್ ಒತ್ತಿ. ಎದುರು ಬದಿಗೆ ಹೋಗಿ ಮತ್ತೆ ಅಲ್ಲಿಗೇ ಬಂದರೆ ಒಂದು ಹೊಯ್ದಾಟ. ಹೆಚ್ಚಿನವರು ಎಡವುವುದು ಇಲ್ಲೇ: ಎಡದಿಂದ ಬಲಕ್ಕೆ ಹೋದದ್ದನ್ನೇ ಒಂದೆಂದು ಎಣಿಸಿದರೆ ಜಿಎಂ ನಾಲ್ಕು ಪಟ್ಟು ಹೆಚ್ಚಾಗಿ ಬರುತ್ತದೆ, ಕೆಟ್ಟ ಬೋಟು ಒಳ್ಳೆಯದಾಗಿ ಕಾಣುತ್ತದೆ. ಐದು ಹೊಯ್ದಾಟದ ಸಮಯ ಹಿಡಿದು ಐದರಿಂದ ಭಾಗಿಸಿ. ಒಂದನ್ನೇ ಅಳೆದರೆ ಬೆರಳಿನ ತಡವೇ ದೊಡ್ಡ ದೋಷವಾಗುತ್ತದೆ. ಅವಧಿಯಲ್ಲಿ 10% ತಪ್ಪಿದರೆ ಜಿಎಂನಲ್ಲಿ ಸುಮಾರು 20% ತಪ್ಪುತ್ತದೆ. ಬೋಟು ಪೂರ್ತಿ ನಿಶ್ಚಲವಾದ ಮೇಲೆ ಇನ್ನೆರಡು ಸಲ ಇದನ್ನೇ ಮಾಡಿ.

5 ಮೀಟರ್ ಅಗಲದ ಬೋಟಿಗೆ ಐದು ಹೊಯ್ದಾಟಕ್ಕೆ 25 ಸೆಕೆಂಡ್ ಹಿಡಿಯಿತು ಎನ್ನಿ. ಅವಧಿ 5; ಜಿಎಂ = (0.80 × 5 ÷ 5)² = 0.64 ಮೀಟರ್. ಅದೇ ಬೋಟು 37.5 ಸೆಕೆಂಡ್ ತೆಗೆದುಕೊಂಡರೆ 0.28 ಮೀಟರ್‌ಗೆ ಇಳಿದಿದೆ. ಒಂದೇ ಡೆಕ್ಕಿನ ಮೀನುಗಾರಿಕಾ ಹಡಗುಗಳಿಗೆ, 24 ಮೀಟರ್ ಮತ್ತು ಅದಕ್ಕಿಂತ ಉದ್ದದವುಗಳಿಗೆ, ಕನಿಷ್ಠ 0.35 ಮೀಟರ್ ಇರಬೇಕೆಂದು ನಿಯಮಾವಳಿ ಹೇಳುತ್ತದೆ. ಚಿಕ್ಕ ಬೋಟಿಗೂ ಅದಕ್ಕಿಂತ ಕೆಳಗೆ ಹೋಗಲು ಬಿಡಬೇಡಿ. ಈ ಬೋಟಿಗೆ ಆ ಗಡಿ ಎಂದರೆ ಐದು ಹೊಯ್ದಾಟಕ್ಕೆ ಸುಮಾರು 34 ಸೆಕೆಂಡ್.

ಸ್ಥಿರತೆಯನ್ನು ಕದ್ದು ತಿನ್ನುವುದು ಹೆಚ್ಚಾಗಿ ಸಡಿಲ ನೀರು. ಐಸ್ ಕರಗಿ ಸ್ಟೋರೇಜ್‌ನಲ್ಲಿ ನಿಂತ ನೀರು 2 ಮೀಟರ್ ಉದ್ದ, 3 ಮೀಟರ್ ಅಗಲ ಹರಡಿದೆ, ಬೋಟಿನ ಒಟ್ಟು ತೂಕ 40 ಟನ್ ಎಂದುಕೊಳ್ಳಿ. ಉದ್ದವನ್ನು ಅಗಲದ ಘನದಿಂದ ಗುಣಿಸಿ 12ರಿಂದ ಭಾಗಿಸಿದರೆ 4.5, ಅದನ್ನು 40ರಿಂದ ಭಾಗಿಸಿದರೆ 0.11. ಜಿಎಂನಲ್ಲಿ 11 ಸೆಂಟಿಮೀಟರ್ ಹೋಯಿತು! ಲೆಕ್ಕದಲ್ಲಿ ನೀರಿನ ಆಳವೇ ಇಲ್ಲ ಎಂಬುದನ್ನು ಗಮನಿಸಿ: ಪಾದ ಮುಳುಗುವಷ್ಟಿದ್ದರೂ ಸಾಕು, ಆ ಬದಿಗೆ ಈ ಬದಿಗೆ ಹರಿಯಲು ಜಾಗವಿದ್ದರೆ. ನಡುವೆ ಉದ್ದಕ್ಕೆ, ನೀರು ದಾಟದಂತೆ ಒಂದು ಹಲಗೆ ಗೋಡೆ ಕಟ್ಟಿದರೆ ನಷ್ಟ ಕಾಲುಭಾಗಕ್ಕೆ, ಸುಮಾರು 3 ಸೆಂಟಿಮೀಟರ್‌ಗೆ ಇಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವ ಕೆಲಸದಲ್ಲೂ ಸಿಗದು.

ಎರಡನೆಯದು ಮೇಲೇರಿದ ಭಾರ. ಒಂದು ಟನ್ ಬಲೆಯನ್ನು ಡೆಕ್ಕಿನಿಂದ 3 ಮೀಟರ್ ಮೇಲಿನ ಮಾಡಿಗೆ ಏರಿಸಿದರೆ ಇದೇ ಬೋಟಿನ ಗುರುತ್ವ ಕೇಂದ್ರ 7.5 ಸೆಂಟಿಮೀಟರ್ ಏರುತ್ತದೆ. ರಾಟೆಯಿಂದ ತೂಗುವ ಮೀನಿನ ಬಲೆಯ ಭಾರವನ್ನು ಲೆಕ್ಕಕ್ಕೆ ಹಿಡಿಯಬೇಕಾದ್ದು ರಾಟೆಯ ಎತ್ತರದಲ್ಲಿ, ಬಲೆ ಇರುವ ಎತ್ತರದಲ್ಲಲ್ಲ.

1628ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಾಸಾ ಎಂಬ ಯುದ್ಧನೌಕೆಯ ಮೇಲೆ 30 ಜನರನ್ನು ಹೀಗೇ ಓಡಿಸಿದ್ದರು. ಮೂರು ಓಟಕ್ಕೇ ಹಡಗು ಭಯವಾಗುವಷ್ಟು ವಾಲಿತೆಂದು ಪರೀಕ್ಷೆ ನಿಲ್ಲಿಸಿದರು, ಹಡಗನ್ನು ಮಾತ್ರ ತಡೆಯಲಿಲ್ಲ. ಆಗಸ್ಟ್ 10ರಂದು ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಅದು ಮುಳುಗಿತು.

ಈ ಅಳತೆ ಸಣ್ಣ ವಾಲಿಕೆಗೆ ಮಾತ್ರ ಸಲ್ಲುತ್ತದೆ. ದೊಡ್ಡ ಅಲೆಗೆ ಬೋಟು ತಡೆಯುತ್ತದೆಯೇ ಎಂಬುದು ಡೆಕ್ಕು ನೀರಿನಿಂದ ಎಷ್ಟು ಎತ್ತರದಲ್ಲಿದೆ, ಮುಚ್ಚಳಗಳು ಭದ್ರವಾಗಿವೆಯೇ ಎಂಬುದರ ಮೇಲೂ ನಿಂತಿದೆ. ಗುಣಕವೂ ಅಂದಾಜಿನದೇ ಆದ್ದರಿಂದ, ಒಂದು ಸಂಖ್ಯೆಯನ್ನು ನಂಬುವುದಕ್ಕಿಂತ ಒಂದೇ ಬೋಟಿನ ಹಳೆಯ, ಹೊಸ ಅಳತೆಗಳನ್ನು ಹೋಲಿಸುವುದು ಮೇಲು. ಖಾಲಿ ಬೋಟಿಗೆ ಒಮ್ಮೆ, ಐಸ್–ಡೀಸೆಲ್ ತುಂಬಿ ಹೊರಡುವಾಗ ಒಮ್ಮೆ ಅಳೆದು ವೀಲ್‌ಹೌಸ್ ಗೋಡೆಯ ಮೇಲೆ ತಾರೀಕಿನೊಂದಿಗೆ ಬರೆದಿಡಿ. ಇಂಜಿನ್, ವಿಂಚ್ ಬದಲಿಸಿದಾಗ, ಮಾಡು ಎತ್ತರಿಸಿದಾಗ ಮತ್ತೆ ಅಳೆಯಿರಿ. ಸೆಕೆಂಡುಗಳು ಏರಿದ್ದರೆ ದಕ್ಕೆ ಬಿಡುವ ಮೊದಲು ಭಾರ ಕೆಳಗಿಳಿಸಿ.