ಗೋಡೆ ಒಡೆಯುವ ಮೊದಲು ಸೀಮೆಸುಣ್ಣ ತಗೊಳ್ಳಿ

ದರ್ಶಿನಿಯಲ್ಲಿ ಬೈ ಟು ಕಾಫಿ ಹಿಡಿದು ನಿಂತವರನ್ನು ಒಮ್ಮೆ ಗಮನಿಸಿ. ಎದೆಮಟ್ಟದ ದುಂಡು ಮೇಜು, ಸುತ್ತ ಮೂರ್ನಾಲ್ಕು ಜನ, ಕುರ್ಚಿ ಇಲ್ಲ. ಹತ್ತೇ ನಿಮಿಷದಲ್ಲಿ ಸೈಟಿನ ವ್ಯವಹಾರವೋ ಮದುವೆ ಮಾತುಕತೆಯೋ ಮುಗಿಸಿ ಲೋಟ ಇಟ್ಟು ಹೊರಟಿರುತ್ತಾರೆ. ಅದೇ ಜನರನ್ನು ಏಸಿ ಮೀಟಿಂಗ್ ರೂಮಿನ ಮೆತ್ತನೆ ಕುರ್ಚಿಯಲ್ಲಿ ಕೂರಿಸಿ ನೋಡಿ. ಗಂಟೆಯಾದರೂ ಏಳುವುದಿಲ್ಲ.

ಅಜೈಲ್ ಪದ್ಧತಿಯಲ್ಲಿ, ಅಂದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಆಗಾಗ ತೋರಿಸಿ ತಿದ್ದಿಕೊಳ್ಳುತ್ತಾ ಹೋಗುವ ರೀತಿಯಲ್ಲಿ, ಕೆಲಸ ಮಾಡುವ ಸಾಫ್ಟ್‌ವೇರ್ ತಂಡಕ್ಕೆ ಆಫೀಸು ಸಿದ್ಧ ಮಾಡುವಾಗ ಈ ದುಂಡು ಮೇಜು ನೆನಪಿರಲಿ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಪುಟ್ಟ ಘೋಷಣೆಯಿಂದ ಅಜೈಲ್ ಎಂಬ ಹೆಸರು ಹಬ್ಬಿತು. ಅದರ ಜೊತೆಗಿರುವ 12 ಸೂತ್ರಗಳಲ್ಲಿ ಒಂದು ಹೇಳುವುದಿಷ್ಟು: ತಂಡದೊಳಗೆ ವಿಷಯ ದಾಟಿಸಲು ಎದುರುಬದುರು ಮಾತಿಗಿಂತ ಒಳ್ಳೇ ದಾರಿ ಇಲ್ಲ. ಇದನ್ನು ಓದಿದ ಎಷ್ಟೋ ಕಂಪನಿಗಳು ಮಾಡಿದ ಮೊದಲ ಕೆಲಸ ಗೋಡೆ ಒಡೆಸಿದ್ದು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲೂ ಹಾಗೇ ಆಯಿತು. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿದರು. ತಿಂಗಳೊಳಗೆ ಎಲ್ಲರ ಕಿವಿಗೂ ಹೆಡ್‌ಫೋನ್ ಬಂತು. ಎರಡು ಕುರ್ಚಿ ಆಚೆ ಕೂತವನಿಗೆ ಮೆಸೇಜ್ ಹಾಕಿ ಕೇಳುತ್ತಿದ್ದೆವು. ಇದು ನಮ್ಮ ಕಥೆ ಮಾತ್ರ ಅಲ್ಲ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಎರಡು ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಅಳೆದು ನೋಡಿ 2018ರಲ್ಲಿ ಬರೆದರು: ತೆರೆದ ಹಾಲಿಗೆ ಬಂದ ಮೇಲೆ ಮುಖ ನೋಡಿ ಮಾತಾಡುವುದು ಸುಮಾರು 70% ಇಳಿದಿತ್ತು, ಇಮೇಲು ಜಾಸ್ತಿಯಾಗಿತ್ತು.

ಹಾಗಾದರೆ ಏನು ಮಾಡಬೇಕು? ಒಂಬತ್ತು ಜನರ ತಂಡಕ್ಕೆ ಬಾಡಿಗೆ ಮನೆಯೊಂದರ ಮೊದಲ ಮಹಡಿಯನ್ನು ಆಫೀಸು ಮಾಡಿದಾಗ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಒಂದು ಹಾಲು, ಎರಡು ರೂಮು, ಒಂದು ಅಡುಗೆಮನೆ, ಅಷ್ಟೇ ಜಾಗ.

ಮೊದಲ ವಾರ: ಏನೂ ಕೊಳ್ಳಬೇಡಿ

ಈಗ ಎಲ್ಲಿ ಕೂತಿದ್ದೀರೋ ಅಲ್ಲೇ ಒಂದು ಹಾಳೆ ಅಂಟಿಸಿ. ಯಾರು ಯಾರ ಹತ್ತಿರ ಎದ್ದು ಹೋಗಿ ಕೇಳಿದರು ಎಂದು ಗೀಟು ಹಾಕುತ್ತಾ ಬನ್ನಿ. ನಮ್ಮ ಹಾಳೆಯಲ್ಲಿ ದಪ್ಪ ಗೀಟು ಬಿದ್ದದ್ದು ಟೆಸ್ಟಿಂಗ್ ಮಾಡುವ ಹುಡುಗಿಗೂ ಕೋಡ್ ಬರೆಯುವ ಇಬ್ಬರಿಗೂ ನಡುವೆ. ಅವಳೋ ಇನ್ನೊಂದು ರೂಮಿನಲ್ಲಿದ್ದಳು, 'ಟೆಸ್ಟಿಂಗ್ ಡಿಪಾರ್ಟ್‌ಮೆಂಟ್' ಅಂತ! ಡಿಪಾರ್ಟ್‌ಮೆಂಟ್ ಲೆಕ್ಕದಲ್ಲಿ ಕೂರಿಸುವುದನ್ನು ಬಿಡಿ. ಒಂದೇ ಕೆಲಸದ ಮೇಲಿರುವವರು ಒಟ್ಟಿಗೆ ಕೂರಲಿ: ಡಿಸೈನ್ ಮಾಡುವವರು, ಕೋಡ್ ಬರೆಯುವವರು, ಟೆಸ್ಟ್ ಮಾಡುವವರು, ಗ್ರಾಹಕರ ಪರವಾಗಿ ಮಾತಾಡುವವರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದರು: ಮೇಜುಗಳ ದೂರ ಹೆಚ್ಚಿದ ಹಾಗೆ ಮಾತು ಸರ್ರನೆ ಇಳಿಯುತ್ತದೆ. 50 ಮೀಟರ್ ಆಚೆ ಕೂತವರು ಬೇರೆ ಊರಲ್ಲಿದ್ದ ಹಾಗೇ. ತಂಡ ಹತ್ತು ಜನ ದಾಟಿದರೆ ಎರಡು ಮಾಡಿ. ಅಜೈಲ್‌ನಲ್ಲೇ ಒಂದು ಬಗೆಯಾದ ಸ್ಕ್ರಮ್ ಪದ್ಧತಿಯವರೂ ಸಾಮಾನ್ಯವಾಗಿ 10 ಅಥವಾ ಅದಕ್ಕೂ ಕಮ್ಮಿ ಅನ್ನುತ್ತಾರೆ.

ನೆಲದ ಮೇಲೆ ಆಫೀಸು ಬರೆಯಿರಿ

ಬಡಗಿಗೆ ಫೋನ್ ಮಾಡುವ ಮೊದಲು ಸೀಮೆಸುಣ್ಣ ತಗೊಂಡು ಖಾಲಿ ನೆಲದ ಮೇಲೆ ಮೇಜುಗಳನ್ನು ಬರೆಯಿರಿ. ಮೇಜು 5 ಅಡಿ ಉದ್ದ, 2.5 ಅಡಿ ಅಗಲ ಇದ್ದು, ನೇರವಾಗಿರಲಿ. ಎಲ್ ಆಕಾರದ್ದು ಬೇಡ. ಅದರ ಮೂಲೆಯಲ್ಲಿ ಕೂತವರ ಪಕ್ಕಕ್ಕೆ ಇನ್ನೊಬ್ಬರು ಕುರ್ಚಿ ಎಳೆದುಕೊಳ್ಳಲು ಆಗುವುದಿಲ್ಲ. ಇಬ್ಬರು ಒಂದೇ ಸ್ಕ್ರೀನ್ ನೋಡಿ ಕೋಡ್ ಬರೆಯಬೇಕಾದ ತಂಡಕ್ಕೆ ಇದೇ ದೊಡ್ಡ ತಲೆನೋವು. ಬೆನ್ನಿಗೆ ಬೆನ್ನು ಹಾಕಿ ಕೂರುವ ಎರಡು ಸಾಲಿನ ನಡುವೆ ಕನಿಷ್ಠ ಆರು ಅಡಿ ಬಿಡಿ. ಕುರ್ಚಿ ತಿರುಗಿಸಿದರೆ ಸಾಕು, ಮೀಟಿಂಗ್ ಶುರು.

ಆಮೇಲೆ ಗೀಟಿನೊಳಗೆ ನಿಜವಾಗಲೂ ಕುರ್ಚಿ ಹಾಕಿಕೊಂಡು ಒಂದರ್ಧ ಗಂಟೆ ಕೂತು ನೋಡಿ. ಸುಮ್ನೆ ನಗಬೇಡಿ. ಕಂಬ ಕಣ್ಣಿಗೆ ಅಡ್ಡ ಬರುವುದು, ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಕಿಟಕಿಯ ಬಿಸಿಲು ಸ್ಕ್ರೀನಿಗೆ ಹೊಡೆಯುವುದು, ಬಾತ್‌ರೂಮ್ ಬಾಗಿಲು ಸೀದಾ ಒಬ್ಬರ ಎದುರಿಗೇ ತೆರೆಯುವುದು, ಇದೆಲ್ಲ ನಕ್ಷೆಯಲ್ಲಿ ಕಾಣಲ್ಲ.

ಮೇಜಿಗೆ ಗಾಲಿ ಇದ್ದರೆ ಒಳ್ಳೇದು. ಆದರೆ ವೈರು ನೆಲದಲ್ಲಿ ಹೂತಿದ್ದರೆ ಗಾಲಿ ಇದ್ದೂ ಉಪಯೋಗವಿಲ್ಲ. ಪ್ಲಗ್ ಪಾಯಿಂಟನ್ನು ಸೀಲಿಂಗಿನಿಂದ ಇಳಿಬಿಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಯುಪಿಎಸ್ ಲೈನು ಬೇರೆ ಬಣ್ಣದ ಸಾಕೆಟ್ಟಿಗೆ ಬರಲಿ. ಇಲ್ಲದಿದ್ದರೆ ಯಾರೋ ಕೆಟಲ್ ಚುಚ್ಚುತ್ತಾರೆ. ನಮ್ಮಲ್ಲಿ ಚುಚ್ಚಿದರು.

ಗೋಡೆಗೆ ಕೆಲಸ ಕೊಡಿ

ಒಂದು ಖಾಲಿ ಗೋಡೆ ತಂಡಕ್ಕೇ ಸೇರಬೇಕು. ಕಂಪನಿಯ ಘೋಷವಾಕ್ಯ, ಬೆಟ್ಟದ ಫೋಟೋ ಅಲ್ಲಿ ಬೇಡ. ಅಲ್ಲೊಂದು ಬೋರ್ಡ್ ಇಟ್ಟು ಮೂರು ಕಂಬಸಾಲು ಎಳೆಯಿರಿ: ಮಾಡಬೇಕು, ಮಾಡ್ತಿದೀವಿ, ಮುಗೀತು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯಿಂದ ಕೆಲಸದ ಹರಿವು ತೋರಿಸುವ ಕಾನ್ಬಾನ್ ಎಂಬ ಈ ಉಪಾಯ ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಗಳಿಂದ.

ಎಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ, ಗೋಡೆ ಯಾಕೆ ಅನ್ನುವವರಿದ್ದಾರೆ. ಕಂಪ್ಯೂಟರಿನದ್ದನ್ನು ತೆರೆದರೆ ಕಾಣುತ್ತದೆ, ಗೋಡೆಯದ್ದು ನೀರು ಕುಡಿಯಲು ಎದ್ದರೂ ಕಾಣುತ್ತದೆ. 'ಮಾಡ್ತಿದೀವಿ' ಸಾಲಿನಲ್ಲಿ ಹದಿಮೂರು ಚೀಟಿ ಜೋತಾಡುತ್ತಿದ್ದರೆ ಮ್ಯಾನೇಜರ್ ಕೇಳಬೇಕಾಗಿಲ್ಲ, ನಮಗೇ ನಾಚಿಕೆಯಾಗುತ್ತದೆ. ಚೀಟಿಯ ಬರಹ ಹತ್ತು ಅಡಿ ದೂರಕ್ಕೆ ಓದಲು ಬರಬೇಕು. ಬಾಲ್‌ಪೆನ್ ಬೇಡ, ದಪ್ಪ ಮಾರ್ಕರ್ ಇರಲಿ.

ಬೋರ್ಡಿನ ಎದುರು ದರ್ಶಿನಿ ಮೇಜು. ಮೂರೂವರೆ ಅಡಿ ಎತ್ತರ ಇದ್ದರೆ ಸರಿ, ಕುರ್ಚಿ ಇಡಲೇಬೇಡಿ. ಬೆಳಗಿನ 15 ನಿಮಿಷದ ಸ್ಟ್ಯಾಂಡ್ ಅಪ್, ಅಂದರೆ ತಂಡ ನಿಂತೇ ಮಾಡುವ ದಿನದ ಮೀಟಿಂಗ್, ನಿಜವಾಗಲೂ 15 ನಿಮಿಷಕ್ಕೆ ಮುಗಿಯುತ್ತದೆ. ಒಬ್ಬರಿಗೆ ಮಂಡಿನೋವಿದ್ದರೆ ಅವರಿಗೊಂದು ಎತ್ತರದ ಸ್ಟೂಲು ಇಡಿ, ಅದರಲ್ಲಿ ಹಟ ಬೇಡ.

ಹತ್ತು ಹೆಜ್ಜೆಗೆ ಒಂದು ಬಾಗಿಲು

ನನ್ನ ಪ್ರಕಾರ ಇದೇ ಮುಖ್ಯ, ಮತ್ತು ಹೆಚ್ಚಿನವರು ದುಡ್ಡು ಉಳಿಸುವುದೂ ಇಲ್ಲೇ. ಮಾತಿನ ಜಾಗದಿಂದ ಹತ್ತು ಹೆಜ್ಜೆಯೊಳಗೆ ಬಾಗಿಲು ಹಾಕಿಕೊಳ್ಳುವ ಜಾಗ ಇರಬೇಕು. ಅದು ಇದ್ದರೆ ಮಾತ್ರ ಹಾಲಿನಲ್ಲಿ ಜನ ಧೈರ್ಯವಾಗಿ ಮಾತಾಡುತ್ತಾರೆ. ಇಲ್ಲದಿದ್ದರೆ ಪಕ್ಕದವರಿಗೆ ತೊಂದರೆ ಅಂತ ಪಿಸುಗುಟ್ಟುತ್ತಾರೆ, ಕೊನೆಗೆ ಹೆಡ್‌ಫೋನ್ ಹಾಕುತ್ತಾರೆ.

ನಾವು ಒಂದು ರೂಮನ್ನು ಹಾಗೇ ಬಿಟ್ಟೆವು, ನಾಲ್ಕು ಮೇಜು, ಫೋನ್ ನಿಷೇಧ. ಇನ್ನೊಂದನ್ನು ಪ್ಲೈವುಡ್ಡಿನಿಂದ ಎರಡು ಫೋನ್ ಗೂಡು ಮಾಡಿದೆವು. ಅಲ್ಲಿ ಎರಡು ತಪ್ಪು ಮಾಡಿದೆವು. ಒಂದು, ಒಳಗೆಲ್ಲ ಫೋಮ್ ಅಂಟಿಸಿ ಶಬ್ದ ಆಚೆ ಹೋಗಲ್ಲ ಅಂದುಕೊಂಡೆವು. ಫೋಮ್ ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆ ಅಷ್ಟೇ. ಶಬ್ದ ತಡೆಯಲು ಭಾರವಾದ ಗೋಡೆ ಬೇಕು, ಬಾಗಿಲ ಸಂದಿಗೆಲ್ಲ ರಬ್ಬರ್ ಪಟ್ಟಿ ಬೇಕು. ಬಾಗಿಲ ಕೆಳಗಿನ ಒಂದು ಬೆರಳಿನ ಸಂದಿಯಿಂದಲೇ ನಮ್ಮ ಸಂಬಳದ ಮಾತೆಲ್ಲ ಹಾಲಿಗೆ ಕೇಳಿಸಿತ್ತು. ಎರಡು, ಸಂದಿ ಮುಚ್ಚಿದ ಮೇಲೆ ಗಾಳಿಯನ್ನೇ ಮರೆತೆವು. ಇಪ್ಪತ್ತು ನಿಮಿಷ ಕೂತರೆ ತೂಕಡಿಕೆ. ಆಮೇಲೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಸರಿ ಮಾಡಿದೆವು. ಗೂಡು ಕಟ್ಟುವ ದಿನವೇ ಅದಕ್ಕೆ ತೂತು ಬಿಡಲು ಹೇಳಿ.

ಮನೆಯಿಂದ ಕೆಲಸ ಮಾಡುವವರು

ನಮ್ಮಲ್ಲಿ ಇಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಬೋರ್ಡಿನ ಪಕ್ಕದಲ್ಲೇ, ನಿಂತವರ ಕಣ್ಣಿನ ಮಟ್ಟಕ್ಕೆ ಟಿವಿ ಮತ್ತು ಕ್ಯಾಮೆರಾ ಇಟ್ಟೆವು. ಮೈಕು ದರ್ಶಿನಿ ಮೇಜಿನ ಮಧ್ಯೆ. ಕಾಗದದ ಚೀಟಿ ಅವರಿಗೆ ಕಾಣುವುದಿಲ್ಲವಾದ್ದರಿಂದ ಕಂಪ್ಯೂಟರಿನ ಬೋರ್ಡೂ ಬೇಕು. ದಿನಾ ಸಂಜೆ ಒಬ್ಬರು ಎರಡನ್ನೂ ಹೊಂದಿಸುತ್ತಾರೆ. ಬೇಜಾರಿನ ಕೆಲಸ, ಪಾಳಿ ಹಾಕಿಕೊಂಡಿದ್ದೇವೆ.

ಇಷ್ಟಾದ ಮೇಲೂ ಮೊದಲ ಒಂದು ತಿಂಗಳು ಯಾವುದನ್ನೂ ಮೊಳೆ ಹೊಡೆದು ಕೂರಿಸಬೇಡಿ. ಬೋರ್ಡನ್ನು ಗೋಡೆಗೆ ಒರಗಿಸಿಡಿ, ಮೇಜನ್ನು ತಳ್ಳಿ ನೋಡಿ. ಎರಡು ವಾರಕ್ಕೊಮ್ಮೆ ತಂಡ ಕೆಲಸದ ಬಗ್ಗೆ ಹಿಂದಿರುಗಿ ನೋಡುವಾಗ ಜಾಗದ ಬಗ್ಗೆಯೂ ಒಂದು ಪ್ರಶ್ನೆ ಕೇಳಿ. ನಾವು ಅವಸರ ಮಾಡಿ ಬೋರ್ಡನ್ನು ಬಾಗಿಲ ಪಕ್ಕ ಕೂರಿಸಿದ್ದೆವು. ಮೂರನೇ ವಾರಕ್ಕೆ ಅದು ಕಾಫಿ ಫ್ಲಾಸ್ಕಿನ ಪಕ್ಕಕ್ಕೆ ಹೋಯಿತು. ಹಳೇ ಜಾಗದಲ್ಲಿ ಡ್ರಿಲ್ ಮಾಡಿದ ನಾಲ್ಕು ತೂತು ಇನ್ನೂ ಇವೆ. ಅವುಗಳ ಮೇಲೆ ಈಗ ಕ್ಯಾಲೆಂಡರ್ ನೇತುಹಾಕಿದ್ದೇವೆ. ಮನೆ ಓನರ್ ಇನ್ನೂ ನೋಡಿಲ್ಲ.