ಕಪ್ಪು-ಬಿಳುಪು ಫಿಲ್ಮ್: ಕ್ಯಾಮೆರಾದಿಂದ ನೆಗೆಟಿವ್‌ವರೆಗೆ

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ಡೆವಲಪ್ ಮಾಡಲು ಹೊರಟವರು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ನೆರಳಿನ ವಿವರಗಳು ಕ್ಯಾಮೆರಾದಲ್ಲಿಯೇ ತೀರ್ಮಾನವಾಗುತ್ತವೆ. ಬೆಳಕಿನ ಭಾಗಗಳು ನೆಗೆಟಿವ್‌ನಲ್ಲಿ (ಬೆಳಕು ಕಪ್ಪಾಗಿ, ನೆರಳು ತೆಳುವಾಗಿ ಮೂಡುವ ಫಿಲ್ಮಿನಲ್ಲಿ) ಎಷ್ಟು ದಟ್ಟವಾಗಬೇಕೆಂಬುದು ಬಹುಮಟ್ಟಿಗೆ ಟ್ಯಾಂಕಿನಲ್ಲಿ, ಅಂದರೆ ಫಿಲ್ಮನ್ನು ಡೆವಲಪ್ ಮಾಡುವ, ಬೆಳಕು ಒಳಹೋಗದ ಡಬ್ಬಿಯಲ್ಲಿ, ತೀರ್ಮಾನವಾಗುತ್ತದೆ. ಸಾಕಷ್ಟು ಬೆಳಕೇ ಬೀಳದ ಜಾಗದಲ್ಲಿ ಎಷ್ಟು ಹೊತ್ತು ಡೆವಲಪ್ ಮಾಡಿದರೂ ವಿವರ ಮೂಡದು. ಲೈಟ್ ಮೀಟರ್ ತನ್ನೆದುರಿನ ಎಲ್ಲವನ್ನೂ ನಡುಬೂದು ಬಣ್ಣದ್ದೆಂದೇ ಎಣಿಸುವುದರಿಂದ, ವಿವರ ಉಳಿಯಲೇಬೇಕಾದ ನೆರಳಿಗೆ, ಉದಾಹರಣೆಗೆ ಕಪ್ಪು ಕೂದಲಿಗೆ, ಮೀಟರ್ ಹಿಡಿದು ಅದು ಸೂಚಿಸಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ (ಫಿಲ್ಮಿನ ಮೇಲೆ ಬೀಳುವ ಬೆಳಕು) ಕೊಡಬೇಕು; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ. ಆಗ ಕೂದಲು ಕಪ್ಪಾಗಿಯೇ ಉಳಿದು ಎಳೆಗಳೂ ಕಾಣುತ್ತವೆ. ಅನುಮಾನ ಬಂದಾಗ ಒಂದು ಸ್ಟಾಪ್ ಹೆಚ್ಚು ಕೊಡುವುದೇ ಲೇಸು.

ಫಿಲ್ಮನ್ನು ಟ್ಯಾಂಕಿನೊಳಗೆ ಕೂರುವ ರೀಲಿಗೆ ಸುತ್ತುವ ಕೆಲಸ ಸಂಪೂರ್ಣ ಕತ್ತಲೆಯಲ್ಲಿಯೇ ಆಗಬೇಕು. ಇಂದಿನ ಬಹುತೇಕ ಫಿಲ್ಮ್‌ಗಳು ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ಕೆಂಪು ದೀಪವೂ ಸಲ್ಲದು. ಪ್ಲಾಸ್ಟಿಕ್ ರೀಲಿನಲ್ಲಿ ತುಸು ತೇವವಿದ್ದರೂ ಫಿಲ್ಮ್ ಅರ್ಧದಲ್ಲೇ ಅಂಟಿಕೊಳ್ಳುತ್ತದೆ.

ಇನ್ನು ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 400 ಐಎಸ್‌ಒ ವೇಗದಲ್ಲಿ (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಅಳತೆ) ಬಳಸಿದ್ದರೆ, ನೀರು ಬೆರೆಸದ ಐಡಿ-11 ಎಂಬ ಡೆವಲಪರ್ ದ್ರಾವಣದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏಳೂವರೆ ನಿಮಿಷ ಬೇಕು. ಸಮಪ್ರಮಾಣದ ನೀರು ಬೆರೆಸಿದರೆ 13 ನಿಮಿಷ. ಉಷ್ಣತೆ ಏರಿದಂತೆ ಅವಧಿ ಕುಗ್ಗುತ್ತದೆ, ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರದಲ್ಲಿ ಏರುಪೇರು ಕಾಣಿಸಿಕೊಳ್ಳುವ ಸಂಭವವಿದೆ. ಹಾಗಾಗಿ ಸೆಕೆಯ ದಿನಗಳಲ್ಲಿ ನೀರು ಬೆರೆಸಿದ ದ್ರಾವಣವನ್ನೇ ಆರಿಸಿಕೊಂಡು, ಬಾಟಲಿಗಳನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟಿರುವುದು ಉತ್ತಮ. ದ್ರಾವಣ ಸುರಿದ ಕೂಡಲೇ ಹತ್ತು ಸೆಕೆಂಡುಗಳಲ್ಲಿ ನಾಲ್ಕು ಬಾರಿ ಟ್ಯಾಂಕನ್ನು ತಲೆಕೆಳಗು ಮಾಡಿ, ಗಾಳಿಗುಳ್ಳೆಗಳು ಬಿಡುವಂತೆ ತಟ್ಟಿ ಇಡಬೇಕು. ಮುಂದೆ ಪ್ರತಿ ನಿಮಿಷದ ಆರಂಭದಲ್ಲೂ ಹೀಗೆಯೇ ಮಾಡಬೇಕು. ಅಲುಗಾಡಿಸುವ ರೀತಿ ಒಂದೊಂದು ರೋಲಿಗೆ ಒಂದೊಂದು ತೆರನಾದರೆ ಯಾವ ಅವಧಿಯ ಪಟ್ಟಿಯೂ ನೆರವಿಗೆ ಬಾರದು.

ಬಳಿಕ ಡೆವಲಪರಿನ ಕೆಲಸವನ್ನು ನಿಲ್ಲಿಸುವ ಸ್ಟಾಪ್ ಬಾತ್ ದ್ರಾವಣಕ್ಕೆ ಹತ್ತು ಸೆಕೆಂಡು ಸಾಕು. ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣವಾದ ಫಿಕ್ಸರಿನ ಅವಧಿಯನ್ನು ಫಿಲ್ಮಿನ ಕತ್ತರಿಸಿದ ತುದಿಯೊಂದನ್ನು ಅದರಲ್ಲಿ ಅದ್ದಿಯೇ ಕಂಡುಕೊಳ್ಳಬಹುದು: ತುಂಡು ಪಾರದರ್ಶಕವಾಗಲು ಹಿಡಿಯುವ ಸಮಯದ ಎರಡರಷ್ಟು. ತೊಳೆಯುವಾಗ ಹೊಸ ನೀರು ತುಂಬಿ ಐದು ಬಾರಿ, ಮತ್ತೆ ಹೊಸ ನೀರಿನಲ್ಲಿ ಹತ್ತು, ಕೊನೆಗೆ ಇಪ್ಪತ್ತು ಬಾರಿ ಟ್ಯಾಂಕನ್ನು ತಿರುಗಿಸಿದರೆ ಸಾಕಾಗುತ್ತದೆ. ಗಟ್ಟಿಗೊಳಿಸುವ ಅಂಶವಿಲ್ಲದ ಫಿಕ್ಸರಿಗೆ ಮಾತ್ರ ಈ ಕ್ರಮ ಸಲ್ಲುತ್ತದೆ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಚರಂಡಿಗೆ ಚೆಲ್ಲಬಾರದು.

ಫಿಲ್ಮ್ ಒಣಗಿದ ಮೇಲೆ ಚಿತ್ರಕ್ಕಿಂತ ಮೊದಲು ಅಂಚಿನಲ್ಲಿರುವ ಅಕ್ಷರ ಮತ್ತು ಅಂಕಿಗಳನ್ನು ನೋಡಿ. ಅವನ್ನು ಕಾರ್ಖಾನೆಯಲ್ಲಿಯೇ ಬೆಳಕಿಗೆ ಒಡ್ಡಿರುತ್ತಾರಾದ್ದರಿಂದ ಅವುಗಳ ದಟ್ಟತೆಯಲ್ಲಿ ನಿಮ್ಮ ಕ್ಯಾಮೆರಾದ ಪಾತ್ರವೇನೂ ಇಲ್ಲ. ಅಂಚಿನ ಅಕ್ಷರಗಳು ಕಡುಕಪ್ಪಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಎಕ್ಸ್‌ಪೋಷರ್ ಸಾಲದಾಗಿದೆ, ಮುಂದಿನ ರೋಲಿಗೆ ಒಂದು ಸ್ಟಾಪ್ ಹೆಚ್ಚು ಕೊಡಿ. ಅಕ್ಷರಗಳೂ ಮಸುಕಾಗಿದ್ದರೆ ಮೀಟರನ್ನು ಬಿಟ್ಟು ಥರ್ಮಾಮೀಟರನ್ನೂ ಡೆವಲಪರ್ ಹಳತಾಗಿದೆಯೇ ಎಂಬುದನ್ನೂ ಪರೀಕ್ಷಿಸಿ.