ಅಜೆಂಡಾ ಇಲ್ಲದ ಸಭೆ: ನಡೆಸುವವರು ಯಾವಾಗ ಸುಮ್ಮನಿರಬೇಕು?

ಈ ಸಭೆಗೆ ಅಜೆಂಡಾ ಬರೆಯುವವರು ಕರೆದವರಲ್ಲ, ಬಂದವರು. ವಿಷಯ ಎತ್ತಿದವರೇ ಅದಕ್ಕೆ ಜವಾಬ್ದಾರರು. ಆಸಕ್ತಿ ಇರುವವರು ಅವರ ಸುತ್ತ ಸೇರಿಕೊಳ್ಳುತ್ತಾರೆ. ‘ಓಪನ್ ಸ್ಪೇಸ್’ ಎಂಬ ಈ ಪದ್ಧತಿಯನ್ನು ಅಮೆರಿಕದ ಹ್ಯಾರಿಸನ್ ಓವೆನ್ 1985ರಲ್ಲಿ ಮೊದಲ ಬಾರಿ ನಡೆಸಿ ನೋಡಿದರು. ಅದಕ್ಕೆ ಎರಡು ವರ್ಷ ಮುಂಚೆ ಅವರೊಂದು ದೊಡ್ಡ ಸಮ್ಮೇಳನ ಸಂಘಟಿಸಿದ್ದರು. ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸಿದ ಗೋಷ್ಠಿಗಳಿಗಿಂತ ನಡುನಡುವಿನ ಕಾಫಿ ವಿರಾಮಗಳೇ ಚೆನ್ನಾಗಿದ್ದವು ಎಂದು ಕೊನೆಗೆ ಎಲ್ಲರಿಗೂ ಅನಿಸಿತಂತೆ.

ಹಾಗಾದರೆ ಸಭೆ ನಡೆಸಿಕೊಡುವ ಸುಗಮಕಾರರಿಗೆ ಕೆಲಸವೇನು? ಶುರುವಿನ ಅರ್ಧ ಗಂಟೆ ಬಿಟ್ಟರೆ ಹೊರಗೆ ಕಾಣುವಂಥದ್ದು ಹೆಚ್ಚೇನಿಲ್ಲ. ಕಷ್ಟ ಇರುವುದೇ ಅಲ್ಲಿ. ಗುಂಪನ್ನು ನಂಬಬೇಕಾದರೆ ಮೊದಲು ಬಿಗಿಯಾಗಿ ತಯಾರಾಗಬೇಕು, ಆಮೇಲೆ ಕೈಕಟ್ಟಿಕೊಳ್ಳಬೇಕು.

1. ಮೊದಲು ಪ್ರಶ್ನೆಯನ್ನು ಪರೀಕ್ಷಿಸಿ

ಯಾರ ಬಳಿಯೂ ಸಿದ್ಧ ಉತ್ತರವಿಲ್ಲದ, ಆದರೆ ಎಲ್ಲರ ತಲೆ ಕೊರೆಯುತ್ತಿರುವ ಪ್ರಶ್ನೆ ಬೇಕು. ‘ಹೊಸ ವೇಳಾಪಟ್ಟಿ ಜಾರಿಗೆ ತರುವುದು ಹೇಗೆ’ ಎಂಬುದು ಪ್ರಶ್ನೆಯ ವೇಷದಲ್ಲಿರುವ ಆದೇಶ. ‘ಕೆಲಸದ ಹೊರೆ ಹೇಗೆ ಹಂಚಿಕೊಳ್ಳೋಣ’ ಎಂದರೆ ಮಾತಿಗೆ ಜಾಗವಿದೆ. ಸಭೆ ಕರೆಯುವವರನ್ನು ಮೊದಲೇ ಕೇಳಿ: ‘ನೀವು ಎಣಿಸದ ಉತ್ತರ ಬಂದರೆ ಏನು ಮಾಡುತ್ತೀರಿ?’ ಅವರು ತಡವರಿಸಿದರೆ ಮಾಮೂಲಿ ಸಭೆಯೇ ವಾಸಿ. ತೀರ್ಮಾನವಾಗಿ ಹೋದ ವಿಷಯಕ್ಕೆ ಜನರನ್ನು ವೃತ್ತದಲ್ಲಿ ಕೂರಿಸಿದರೆ ಮುಂದಿನ ಸಲ ಅವರು ಯಾವ ಸಭೆಯನ್ನೂ ನಂಬುವುದಿಲ್ಲ.

2. ಕೋಣೆ

ಕುರ್ಚಿಗಳು ವೃತ್ತದಲ್ಲಿರಲಿ, ಮೇಜು ಬೇಡ. ನಡುವೆ ಕಾಗದ ಮತ್ತು ದಪ್ಪ ಮಾರ್ಕರ್. ಒಂದು ಗೋಡೆ ಖಾಲಿ ಬಿಟ್ಟು, ಯಾವ ವಿಷಯದ ಚರ್ಚೆ ಯಾವಾಗ, ಎಲ್ಲಿ ಎಂದು ತೋರಿಸಲು ಅದರ ಮೇಲೆ ಸಮಯ ಮತ್ತು ಜಾಗಗಳ ಚೌಕಗಳನ್ನು ಎಳೆದಿಡಿ. ಒಂದು ಚರ್ಚೆಗೆ ಒಂದರಿಂದ ಒಂದೂವರೆ ಗಂಟೆ.

3. ಪೀಠಿಕೆ ಚಿಕ್ಕದಿರಲಿ

ಓವೆನ್ ಹೇಳಿದ ಸೂತ್ರಗಳು ಇವು: ಬಂದವರೇ ಸರಿಯಾದವರು, ಏನಾಯಿತೋ ಅದೊಂದೇ ಆಗಬಹುದಾಗಿದ್ದದ್ದು, ಶುರುವಾದದ್ದೇ ಸರಿಯಾದ ಹೊತ್ತು, ಮುಗಿದರೆ ಮುಗಿಯಿತು. (ಎರಡನೆಯದು ನನಗೆ ತುಸು ಅತಿ ಎನಿಸುತ್ತದೆ. ಅರೆಬರೆ ತಯಾರಿಗೂ ಅದೇ ನೆಪವಾದೀತು.) ಜೊತೆಗೆ ‘ಎರಡು ಕಾಲಿನ ನಿಯಮ’: ಇಲ್ಲಿ ನಾನು ಕಲಿಯುತ್ತಲೂ ಇಲ್ಲ, ಏನನ್ನೂ ಕೊಡುತ್ತಲೂ ಇಲ್ಲ ಎನಿಸಿದರೆ ಎದ್ದು ಬೇರೆ ಗುಂಪಿಗೆ ನಡೆಯಿರಿ. ಇದನ್ನು ಎರಡು ಸಲ ಹೇಳಿ. ನಡುವೆ ಎದ್ದು ಹೋಗುವುದು ಅಗೌರವ ಎಂದೇ ನಾವೆಲ್ಲ ಬೆಳೆದಿರುತ್ತೇವೆ.

4. ಆಮೇಲಿನ ಮೌನ

‘ವಿಷಯ ಇರುವವರು ನಡುವೆ ಬಂದು ಬರೆಯಿರಿ’ ಎನ್ನುತ್ತೀರಿ. ಯಾರೂ ಏಳುವುದಿಲ್ಲ. ನಂಬಿಕೆಯ ಮೊದಲ ಪರೀಕ್ಷೆ ಇದೇ. ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ 1 ಸೆಕೆಂಡಿನಷ್ಟೇ ಕಾಯುತ್ತಾರೆಂದು 1970ರ ದಶಕದಲ್ಲಿ ತೋರಿಸಿದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳು ಕಡಿಮೆಯಾದರು. ದೊಡ್ಡವರ ವೃತ್ತಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ನಿಧಾನವಾಗಿ ಹತ್ತು ಉಸಿರು ಎಣಿಸಿ. ಮುಖಗಳನ್ನು ನೋಡಬೇಡಿ, ನಡುವಿನ ಕಾಗದ ನೋಡುತ್ತಿರಿ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಲು ಹೋಗಬೇಡಿ. ಯೋಚಿಸುತ್ತಿರುವವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಒಬ್ಬರು ಎದ್ದರೆ ಸಾಕು, ಹಿಂದೆಯೇ ನಾಲ್ವರು ಏಳುತ್ತಾರೆ.

5. ಒಳಮನಸ್ಸು ‘ಈಗ ಹೋಗು’ ಎಂದಾಗ

ಗುಂಪುಗಳು ಕೂತ ಮೇಲೆ ನೀವು ಯಾವುದರೊಳಗೂ ಕೂರಬೇಡಿ. ಒಂದು ಕಡೆ ದನಿ ಏರಿದೆ, ಇನ್ನೊಂದು ಕಡೆ ಮೂವರು ನಗುತ್ತ ಹರಟುತ್ತಿದ್ದಾರೆ. ಹೋಗಿ ಸರಿಮಾಡಬೇಕು ಎಂದು ಒಳಗಿನಿಂದ ಏನೋ ಹೇಳುತ್ತದೆ. ಅದನ್ನು ನಂಬಬಹುದೇ?

ಅಂತಃಪ್ರಜ್ಞೆಯ ಬಗ್ಗೆ ಎದುರುಬದುರು ನಿಲುವಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್, 2009ರಲ್ಲಿ ಜಂಟಿಯಾಗಿ ಪ್ರಬಂಧ ಬರೆದರು. ಅವರು ಒಮ್ಮತಕ್ಕೆ ಬಂದದ್ದು ಎರಡು ಷರತ್ತುಗಳ ಮೇಲೆ: ಸನ್ನಿವೇಶದಲ್ಲಿ ಗುರುತಿಸಬಹುದಾದ ಕ್ರಮ ಇರಬೇಕು, ಮತ್ತು ನಮ್ಮ ಊಹೆ ಸರಿಯೋ ತಪ್ಪೋ ಎಂದು ತಿಳಿದು ಕಲಿಯುವ ಅವಕಾಶ ಇರಬೇಕು. ಎಷ್ಟು ಖಚಿತ ಎನಿಸುತ್ತದೆ ಎಂಬುದು ಪುರಾವೆಯಲ್ಲ.

ಸಭೆ ನಡೆಸುವವರಿಗೆ ಎರಡನೆಯ ಷರತ್ತು ಕೈಕೊಡುತ್ತದೆ. ನೀವು ಮಧ್ಯೆ ಹೋದಿರಿ, ಜಗಳ ತಣ್ಣಗಾಯಿತು. ಹೋಗದಿದ್ದರೂ ತಣ್ಣಗಾಗುತ್ತಿತ್ತೇ? ಗೊತ್ತಾಗುವ ದಾರಿಯೇ ಉಳಿಯಲಿಲ್ಲ. ಹೀಗೆ ಪ್ರತಿ ಸಲ ಧಾವಿಸುವವರ ಅನುಭವ ಬೆಳೆಯುತ್ತದೆ, ಒಳಗಣ್ಣು ಬೆಳೆಯುವುದಿಲ್ಲ.

ಆದ್ದರಿಂದ ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ ಇರಲಿ. ಹೋಗಬೇಕು ಎನಿಸಿದ ಕೂಡಲೇ ಎರಡು ಸಾಲು ಬರೆಯಿರಿ: ಕಣ್ಣಿಗೆ ಕಂಡದ್ದೇನು, ನಾನು ಹೋಗದಿದ್ದರೆ ಏನಾದೀತು. ಐದು ನಿಮಿಷ ತಡೆದು ಮತ್ತೆ ನೋಡಿ. ಮೊದಲ ಸಾಲಿಗೆ ‘ಏನೋ ಸರಿಯಿಲ್ಲ’ ಎಂಬುದಷ್ಟೇ ಹೊಳೆದರೆ ಅದು ಬಹುಶಃ ನಿಮ್ಮ ಆತಂಕ. ‘ಒಬ್ಬರು ಕುರ್ಚಿ ಹಿಂದೆ ಸರಿಸಿಕೊಂಡರು, ಬಾಯಿ ತೆರೆದು ಎರಡು ಸಲ ಮುಚ್ಚಿದರು’ ಎಂದು ಬರೆಯಲಾದರೆ ಅದು ಗುಂಪಿನ ಸುದ್ದಿ.

ಹರಟೆಯವರನ್ನಂತೂ ಬಿಟ್ಟುಬಿಡಿ. ಯಾವ ಗುಂಪಿಗೂ ಸೇರದೆ ಕೂರುವವರನ್ನು ಓವೆನ್ ಚಿಟ್ಟೆಗಳೆಂದರು, ಗುಂಪಿನಿಂದ ಗುಂಪಿಗೆ ಹಾರಿ ಮಾತು ಹೊತ್ತೊಯ್ಯುವವರನ್ನು ದುಂಬಿಗಳೆಂದರು. ಇಬ್ಬರಿಗೂ ಜಾಗವಿದೆ.

6. ತಡೆಯಬಾರದ ಹೊತ್ತು

ಯಾರನ್ನಾದರೂ ಅವಮಾನಿಸುತ್ತಿದ್ದರೆ ಐದು ನಿಮಿಷದ ಲೆಕ್ಕ ಬೇಡ, ತಕ್ಷಣ ಹೋಗಿ. ಇನ್ನೊಂದು ಸನ್ನಿವೇಶ ಇಷ್ಟು ಎದ್ದು ಕಾಣುವುದಿಲ್ಲ. ಒಬ್ಬರು ಮಾತು ನಿಲ್ಲಿಸದಿದ್ದರೆ ಕೇಳುಗರು ಕಾಲಿನ ನಿಯಮದಂತೆ ಎದ್ದು ಹೋಗುತ್ತಾರೆ, ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಆದರೆ ಮಾತಾಡುತ್ತಿರುವವರು ಮೇಲಧಿಕಾರಿಯಾದರೆ? ಯಾರೂ ಏಳುವುದಿಲ್ಲ. ಕಾಲು ಕಟ್ಟಿಹೋದ ಕಡೆ ‘ಗುಂಪೇ ನೋಡಿಕೊಳ್ಳುತ್ತದೆ’ ಎನ್ನುವುದು ಜಾರಿಕೊಳ್ಳುವ ಮಾತು. ಇದಕ್ಕೆ ಮದ್ದು ಹಿಂದಿನ ದಿನವೇ ಇದೆ: ‘ಸರ್, ನಾಳೆ ಮೊದಲ ಚರ್ಚೆಯಿಂದ ಎಲ್ಲರಿಗಿಂತ ಮೊದಲು ನೀವೇ ಎದ್ದು ಬೇರೆ ಗುಂಪಿಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ’ ಎಂದು ಕೇಳಿಕೊಳ್ಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

7. ಮುಗಿಸುವುದು

ಪ್ರತಿ ಗುಂಪೂ ಒಂದು ಪುಟದ ವರದಿ ಬರೆದು ಗೋಡೆಗೆ ಅಂಟಿಸಲಿ. ಮುಂದೆ ಯಾರು ಏನು ಮಾಡುತ್ತಾರೆ ಎಂಬುದೂ ಅದರಲ್ಲೇ ಇರಲಿ. ಮತ್ತೆ ವೃತ್ತದಲ್ಲಿ ಕೂತು, ಕೈಯಿಂದ ಕೈಗೆ ಒಂದು ವಸ್ತು ದಾಟಿಸಿ. ಅದು ಕೈಯಲ್ಲಿದ್ದವರು ಮಾತಾಡಲಿ, ಬೇಡವೆನಿಸಿದರೆ ಮುಂದಕ್ಕೆ ಕೊಡಲಿ. ಕುರ್ಚಿಗಳನ್ನು ಎತ್ತಿಟ್ಟ ಮೇಲೆ ನೋಟ್‌ಬುಕ್ ತೆರೆದು, ಪ್ರತಿ ಊಹೆಯ ಮುಂದೆ ನಿಜವಾಗಿ ಏನಾಯಿತೆಂದು ಬರೆಯಿರಿ. ಅದೇ ದಿನ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ‘ನನಗೆ ಆಗಲೇ ಗೊತ್ತಿತ್ತು’ ಎಂದು ಮನಸ್ಸು ತಿದ್ದಿಬಿಟ್ಟಿರುತ್ತದೆ.